ಹೊರಟವರನ್ನು ಹಿಂದಿನಿಂದ ಕೂಗಬಾರದು

ನಮ್ಮ ಮನೆಯಲ್ಲಿ ಹೊರಟವರನ್ನು ಹಿಂದಿನಿಂದ ಕೂಗುವಂತಿರಲಿಲ್ಲ. ಇದೇನು ಮಹಾ, ಎಲ್ಲರ ಮನೆಯ ಶಾಸ್ತ್ರವೇ ತಾನೆ ಎಂದು ನೀವು ಮೂಗು ಮುರಿಯಬಹುದು. ಎಲ್ಲರ ಮನೆಯಲ್ಲೂ ಇತ್ತು, ನಿಜ. ಆದರೆ ಬೇರೆಯವರು ಅಪ್ಪಿತಪ್ಪಿ ಕೂಗಿದರೆ ನಾಲಗೆ ಕಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಗುಬ್ಬಿಯ ನಮ್ಮ ಮನೆಯಲ್ಲಿ ಅದು ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಕೂಗಿಸಿಕೊಂಡವನು ವಾಪಸ್ ಬರಬೇಕು, ಚಪ್ಪಲಿ ಬಿಡಬೇಕು, ನಡುಮನೆಯಲ್ಲಿ ಕೂರಬೇಕು, ಒಂದು ಲೋಟ ನೀರು ಕುಡಿಯಬೇಕು, ಆಮೇಲೆ ಹೊಸದಾಗಿ ಹೊರಡಬೇಕು. ಅಷ್ಟು ಹೊತ್ತಿಗೆ ತುಮಕೂರಿನ ರೈಲು ಸ್ಟೇಷನ್ ಬಿಟ್ಟು ಹೋಗಿರುತ್ತಿತ್ತು. ಕೂಗಿದವನಿಗೆ ಆ ದಿನವೆಲ್ಲ ಅಜ್ಜಿಯಿಂದ ಮಂಗಳಾರತಿ.

ಹಾಗಾದರೆ ಹೊರಟವರು ಕೊಡೆಯನ್ನೋ ಕನ್ನಡಕವನ್ನೋ ಮರೆತರೆ ಏನು ಮಾಡುವುದು? ಅದಕ್ಕೂ ದಾರಿ ಇತ್ತು. ಬಾಯಿ ಮುಚ್ಚಿಕೊಂಡು ಓಡುವುದು. ಹೊರಟವರ ಪಕ್ಕದಲ್ಲೇ ಓಡಿ, ಅವರನ್ನು ದಾಟಿ, ಸ್ವಲ್ಪ ಮುಂದೆ ಹೋಗಿ, ತಿರುಗಿ ಎದುರಿಗೆ ನಿಲ್ಲುವುದು. ಎದುರಿಗೆ ಬಂದು ಕೊಟ್ಟರೆ ದೋಷವಿಲ್ಲ. ನಾನು ಬರಿಗಾಲಲ್ಲಿ ಉಸಿರು ಬಿಗಿಹಿಡಿದು ಓಡುವುದನ್ನು ಕಂಡು ಬೀದಿಯವರೆಲ್ಲ "ಅಗೋ, ಇವ್ರ ಮನೆ ರೇಸ್ ಶುರುವಾಯ್ತು" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕೂಗುತ್ತಿರಲಿಲ್ಲ.

ಈ ಶಾಸ್ತ್ರದ ಹಿಂದೆ ಒಂದು ಕಥೆ ಇತ್ತು, ಅದನ್ನು ಅಜ್ಜಿ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು. ಅಜ್ಜಿ ಅಂದರೆ ಅಪ್ಪನ ತಾಯಿ, ಕುಣಿಗಲ್ ಕಡೆಯವಳು, ಅವಳ ತವರು ಹುತ್ರಿದುರ್ಗದ ಬುಡದಲ್ಲಿ. ಮದುವೆಯಾದ ಹೊಸದರಲ್ಲಿ ತಾತ ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹುಣಸೆಹಣ್ಣು ಹೇರಿಕೊಂಡು ಕುಣಿಗಲ್ ಸಂತೆಗೆ ಹೊರಟರಂತೆ. ಯಾರೋ ಹಿಂದಿನಿಂದ ಕೂಗಿದರಂತೆ. ಇಳಿಜಾರಿನಲ್ಲಿ ಗಾಡಿ ಮಗುಚಿ ತಾತನ ಕಾಲು ಮುರಿಯಿತಂತೆ. ತಾತ ಸಾಯುವವರೆಗೂ ಕುಂಟುತ್ತಲೇ ಇದ್ದರು, ಅದನ್ನು ನಾನೇ ನೋಡಿದ್ದೇನೆ. ಹೀಗಾಗಿ ಕಥೆಗೆ ಸಾಕ್ಷಿ ಬೇಕಿರಲಿಲ್ಲ.

ತಮಾಷೆ ಏನೆಂದರೆ, ನಮ್ಮ ಅಪ್ಪನ ಹೊಟ್ಟೆಪಾಡೇ ಹಿಂದಿನಿಂದ ಕೂಗುವುದು. ಅವರು ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಏಜೆಂಟ್. ಯಾವ ಬಸ್ಸು ಯಾವಾಗ ಹೊರಡಬೇಕು, ಯಾವುದು ಹಿಂದೆ ಸರಿಯಬೇಕು ಎಂದು ನಿಂತಲ್ಲಿಂದಲೇ ಗಂಟಲು ಹರಿಯುವಂತೆ ಕೂಗುವುದು ಅವರ ಕೆಲಸ. "ರೈಟ್ ರೈಟ್" ಎಂದರೆ ಬಸ್ಸು ಹೊರಡುತ್ತಿತ್ತು. ಕೊನೇ ಗಳಿಗೆಯಲ್ಲಿ ಒಂದು ಮುದುಕಿ ಗಂಟು ಹೊತ್ತು ಓಡಿ ಬಂದರೆ "ಹೋಲ್ಡಾನ್! ಹೋಲ್ಡಾನ್!" ಎಂದು ಅಬ್ಬರಿಸಿ ನಿಲ್ಲಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ಅದೇ ಮನುಷ್ಯ, ಅಮ್ಮ ನೀರಿಗೆ ಹೊರಟಾಗ ಬಿಂದಿಗೆಯ ಸಿಂಬಿ ಮರೆತಳೆಂದು ಪಂಚೆ ಎತ್ತಿ ಕಟ್ಟಿ ಅವಳನ್ನು ದಾಟಿ ಓಡುತ್ತಿದ್ದರು. "ಬಸ್ಸನ್ನ ಕೂಗ್ಬೋದು, ಮನುಷ್ಯರನ್ನ ಮಾತ್ರ ಕೂಗ್ಬಾರ್ದಾ?" ಎಂದು ನಾನು ಕೇಳಿದರೆ ಅಜ್ಜಿಯ ಹತ್ತಿರ ಉತ್ತರ ಸಿದ್ಧವಿತ್ತು. "ಬಸ್ಸಿಗೆ ಏನ್ ಕಾಲ್ ಐತೇನ್ಲಾ ಮುರ್ಯಕೆ?"

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ತುಮಕೂರಿನಲ್ಲಿ ಬಿಎಸ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ವಿಮಾನದ ಮೋಹವೇನೂ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ದೇವರಾಯನದುರ್ಗದ ಬೆಟ್ಟಕ್ಕೆ ಹೋದಾಗ ಮೇಲೆ ಒಂದು ಹಾದುಹೋದರೆ ಎಲ್ಲರಂತೆ ನಾನೂ ಕೈ ಬೀಸಿದ್ದೆ, ಅಷ್ಟೇ. ಕೆಲಸ ಬೇಕಿತ್ತು. ಬ್ಯಾಂಕು, ರೈಲ್ವೆ, ಟೆಲಿಫೋನು, ಎಲ್ಲದಕ್ಕೂ ಅರ್ಜಿ ಹಾಕಿದಂತೆ ವಿಮಾನಗಳ ಓಡಾಟ ನಿಯಂತ್ರಿಸುವ ಕೆಲಸಕ್ಕೂ ಒಂದು ಹಾಕಿದೆ. ಬೆಂಗಳೂರಿನಲ್ಲಿ ಪರೀಕ್ಷೆ ಬರೆದೆ. ಮದ್ರಾಸಿಗೆ ಇಂಟರ್ವ್ಯೂಗೆ ಕರೆದರು.

ಇಂಟರ್ವ್ಯೂನಲ್ಲಿ ನಡುವೆ ಕೂತಿದ್ದ ದಪ್ಪ ಮೀಸೆಯವರು ಅಪ್ಪನ ಕೆಲಸ ಏನೆಂದು ಕೇಳಿದರು. ಬಸ್ಸು ಬಿಡಿಸುತ್ತಾರೆ ಎಂದೆ. ಒಂದೇ ಜಾಗಕ್ಕೆ ಎರಡು ಬಸ್ಸು ಒಟ್ಟಿಗೆ ಬಂದರೆ ನಿಮ್ಮಪ್ಪ ಏನು ಮಾಡುತ್ತಾರೆ ಎಂದರು. ಒಂದನ್ನು ಗೇಟಿನ ಹೊರಗೇ ನಿಲ್ಲಿಸುತ್ತಾರೆ, ನಿಲ್ಲದಿದ್ದರೆ ಬೈಯುತ್ತಾರೆ ಎಂದೆ. ಎಲ್ಲರೂ ನಕ್ಕರು. ನನಗೆ ರೇಗಿತು. ಇಷ್ಟು ದೂರ ಕರೆಸಿ ನಗುತ್ತಾರಲ್ಲ, ಹಾಳಾಗಿ ಹೋಗಲಿ ಎಂದುಕೊಂಡು ಮನೆಗೆ ಬಂದೆ. ಕೆಲವು ವಾರಗಳಲ್ಲಿ ಆಯ್ಕೆಯಾಗಿದ್ದೇನೆ ಎಂದು ಕಾಗದ ಬಂತು. ಟ್ರೈನಿಂಗ್ ಅಲಹಾಬಾದಿನ ಹತ್ತಿರ.

ಗುಬ್ಬಿಯಲ್ಲಿ ಈ ಕೆಲಸ ಏನೆಂದು ವಿವರಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

"ಏರೋಪ್ಲೇನ್ ಡ್ರೈವರ್ರಾ?"

"ಅಲ್ಲ."

"ಹಂಗಾರೆ ಕಂಡಕ್ಟ್ರು."

"ಅಲ್ಲ ಮಾರಾಯ್ರೇ, ಕೆಳಗೆ ಕೂತ್ಕೊಂಡು ಹೇಳೋದು."

"ಕೆಳಗೆ ಕೂತೋನ್ ಮಾತ್ನ ಮೇಲಿರೋನ್ ಯಾಕ್ ಕೇಳ್ತಾನೆ?"

ಅಪ್ಪ ಮಾತ್ರ ಒಂದೇ ಏಟಿಗೆ ಅರ್ಥ ಮಾಡಿಕೊಂಡರು. "ನನ್ನ ಕೆಲಸಾನೇ ಕಣ್ರೋ. ಸ್ವಲ್ಪ ಎತ್ತರದಲ್ಲಿ" ಎಂದು ಬಸ್ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ಬಂದರು. ಅಜ್ಜಿಗೆ ಮೊಮ್ಮಗ ಪ್ರಯಾಗಕ್ಕೆ ಹೋಗುತ್ತಿದ್ದಾನೆ ಎನ್ನುವುದಷ್ಟೇ ಕಿವಿಗೆ ಬಿದ್ದದ್ದು. ಹಾಗಲವಾಡಿಯ ಸೋದರತ್ತೆ ಗಂಗಾಜಲಕ್ಕೆಂದು ಮುಚ್ಚಳವಿರುವ ತಂಬಿಗೆಯನ್ನೇ ತಂದುಕೊಟ್ಟಳು. ಒಟ್ಟಿನಲ್ಲಿ ನಾನು ನೌಕರಿಗೆ ಹೊರಟೆನೋ ಯಾತ್ರೆಗೆ ಹೊರಟೆನೋ ನನಗೇ ಅನುಮಾನವಾಗುವಂತೆ ಕಳಿಸಿಕೊಟ್ಟರು. ಹೊರಟ ಮೇಲೆ ಸೀಗೆಪುಡಿಯ ಡಬ್ಬಿ ಮರೆತಿದ್ದು ಗೊತ್ತಾಗಿ ಅಮ್ಮ ನನ್ನನ್ನು ದಾಟಿ ಓಡಿದಳು. ಯಾರೂ ಕೂಗಲಿಲ್ಲ.

ಟ್ರೈನಿಂಗ್‌ನಲ್ಲಿ ಮೊದಲು ಪಾಠಗಳು: ಗಾಳಿ, ಮೋಡ, ನಕಾಶೆ, ನಿಯಮಗಳು. ಅವೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಆಮೇಲೆ ಶುರುವಾಯಿತು ಮೇಜಿನ ಅಭ್ಯಾಸ. ಒಂದು ದೊಡ್ಡ ಕೋಣೆಯ ತುಂಬ ಮೇಜು, ಅದರ ಮೇಲೆ ಬಣ್ಣದಲ್ಲಿ ಬರೆದ ರನ್‌ವೇ, ಪುಟ್ಟ ಮರದ ವಿಮಾನಗಳು. ಒಬ್ಬ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಆಜ್ಞೆ ಕೊಡಬೇಕು. ಪಕ್ಕದ ಗೂಡುಗಳಲ್ಲಿ ಕೂತ ಸಹಪಾಠಿಗಳು ಪೈಲಟ್ಟುಗಳಂತೆ ಉತ್ತರ ಕೊಡಬೇಕು. ಅವರು ಹೇಳಿದಂತೆ ಇನ್ನಿಬ್ಬರು ಉದ್ದ ಕೋಲಿನಿಂದ ವಿಮಾನಗಳನ್ನು ನೂಕುತ್ತಿದ್ದರು. ನೋಡಿದರೆ ಮಕ್ಕಳಾಟ. ಆದರೆ ಕೂತವನ ಬೆನ್ನು ಬೆವರಿನಿಂದ ಒದ್ದೆಯಾಗುತ್ತಿತ್ತು.

ನಮ್ಮ ಮೇಷ್ಟ್ರು ಸದಾ ಲವಂಗ ಅಗಿಯುವ, ಎಂದೂ ದನಿ ಏರಿಸದ ಮನುಷ್ಯ. ಅಪ್ಪನ ಗಂಟಲಿನ ಅಡಿಯಲ್ಲಿ ಬೆಳೆದ ನನಗೆ ಆ ಮೆದು ಮಾತೇ ಸಿಟ್ಟು ತರಿಸುತ್ತಿತ್ತು. ಮೊದಲ ವಾರವೇ ಅವರು ಒಂದು ವಿಷಯ ಗಮನಿಸಿದರು. ಇಳಿಯುವ ವಿಮಾನಗಳನ್ನು ನಾನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಹೊರಡುವ ವಿಮಾನ ಬಂದರೆ ತಡವರಿಸುತ್ತೇನೆ. "ನಿನಗೆ ಅತಿಥಿಗಳನ್ನು ಕಳಿಸಿಕೊಡಲು ಇಷ್ಟವಿಲ್ಲವೇನು?" ಎಂದು ಇಂಗ್ಲಿಷಿನಲ್ಲಿ ತಮಾಷೆ ಮಾಡಿದರು. ನಾನೂ ಹಲ್ಲು ಕಿರಿದೆ. ಅದರ ಅರ್ಥ ಆಗ ನನಗೂ ಆಗಿರಲಿಲ್ಲ.

ಪರೀಕ್ಷೆಯ ದಿನ ಎಲ್ಲವೂ ಸರಾಗವಾಗಿ ಸಾಗಿತ್ತು. ಎರಡು ವಿಮಾನ ಇಳಿಸಿದೆ, ಒಂದನ್ನು ಕಾಯಿಸಿದೆ. ಆಮೇಲೆ ಒಂದಕ್ಕೆ ಹೊರಡಲು ಅನುಮತಿ ಕೊಟ್ಟೆ. ಮರದ ವಿಮಾನ ರನ್‌ವೇ ಮೇಲೆ ಓಡತೊಡಗಿತು. ಆಗ ಮೇಷ್ಟ್ರು ಮೇಜಿನ ಆಚೆ ತುದಿಯಿಂದ ಒಂದು ಪುಟ್ಟ ಜೀಪನ್ನು ಮೆಲ್ಲಗೆ ರನ್‌ವೇ ಮೇಲೆ ತಂದು ನಿಲ್ಲಿಸಿದರು. ನಾನು ನೋಡಿದೆ. ಏನು ಹೇಳಬೇಕು ಎನ್ನುವುದು ಬಾಯಿಪಾಠವಾಗಿತ್ತು: ವಿಮಾನದ ಹೆಸರು ಹೇಳಿ, ತಕ್ಷಣ ನಿಲ್ಲು, ಮತ್ತೆ ಹೆಸರು ಹೇಳಿ, ತಕ್ಷಣ ನಿಲ್ಲು. ಮೈಕಿನ ಗುಂಡಿ ಒತ್ತಿಯೂ ಒತ್ತಿದೆ. ಬಾಯಿ ಮಾತ್ರ ಬಿಡಲಿಲ್ಲ. ಗಂಟಲಿಗೆ ಯಾರೋ ಅಂಗೈ ಒತ್ತಿ ಹಿಡಿದಂತೆ ಆಯಿತು. ವಿಮಾನ ಹೋಗಿ ಜೀಪಿಗೆ ಟಕ್ ಎಂದು ಬಡಿಯಿತು.

ಮೇಷ್ಟ್ರು ಗೂಡಿನ ಹತ್ತಿರ ಬಂದರು. "ನೋಡಲಿಲ್ಲವಾ?" ಎಂದರು. ನೋಡಿದೆ ಎಂದೆ. "ಹೇಳಬೇಕಾದ ಮಾತು ಮರೆತೆಯಾ?" ಇಲ್ಲ ಎಂದೆ. ಅವರು ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡರು. "ನೋಡದವನಿಗೆ ನೋಡುವುದನ್ನು ಕಲಿಸಬಲ್ಲೆ. ಮರೆಯುವವನಿಗೆ ಬಾಯಿಪಾಠ ಮಾಡಿಸಬಲ್ಲೆ. ನೋಡಿಯೂ ಸುಮ್ಮನಿರುವವನಿಗೆ ಏನು ಮಾಡಲಿ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರಲ್ಲ, ಎದೆಗೆ ನಾಟಿತು.

ರಜೆ ಕಳೆದು ಬಂದ ಮೇಲೆ ಇನ್ನೊಂದೇ ಒಂದು ಅವಕಾಶ. ಅದರಲ್ಲೂ ತಪ್ಪಿದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಬೇಕು, ನೌಕರಿ ಇಲ್ಲ. ಗಂಗಾಜಲದ ತಂಬಿಗೆ ತಬ್ಬಿಕೊಂಡು ರೈಲು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಹೆದರಿಕೆ ಎಂದುಕೊಂಡೆ, ಇಂಗ್ಲಿಷ್ ಎಂದುಕೊಂಡೆ, ಉತ್ತರದ ಬಿಸಿಲು ತಲೆಗೇರಿದೆ ಎಂದುಕೊಂಡೆ. ಯಾವುದೂ ಒಪ್ಪಿಗೆಯಾಗಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಅಪ್ಪ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿಯವನಿಂದ ಹಿಡಿದು ಹೂ ಮಾರುವವಳವರೆಗೆ ಎಲ್ಲರಿಗೂ ನನ್ನ ಮಗ ಏರೋಪ್ಲೇನ್ ಬಿಡಿಸುತ್ತಾನೆ ಎಂದು ಸಾರಿಬಿಟ್ಟಿದ್ದರು. ನಾನು ಊಟ ಮಾಡುತ್ತಿದ್ದೆ, ಮಲಗುತ್ತಿದ್ದೆ, ಯಾರಾದರೂ ಮಾತಾಡಿಸಿದರೆ ಸಿಡುಕುತ್ತಿದ್ದೆ. "ಪ್ರಯಾಗುಕ್ಕೋದೋರು ಕೋಪಾನೆಲ್ಲ ಅಲ್ಲೇ ಬುಟ್ ಬತ್ತಾರಂತೆ, ನೀನು ಹೊತ್ಕಂಡ್ ಬಂದಿದೀಯ" ಎಂದು ಅಜ್ಜಿ ಗೊಣಗಿದಳು.

ಒಂದು ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟರು. ಅವರು ಬೀದಿಗಿಳಿದ ಮೇಲೆ ನೋಡಿದರೆ ಊಟದ ಕ್ಯಾರಿಯರ್ ಬಾಗಿಲಲ್ಲೇ ಇದೆ. ನಾನು ಅದನ್ನೆತ್ತಿಕೊಂಡು ಓಡಿದೆ. ಬರಿಗಾಲು, ಬಾಯಿ ಬಿಗಿ. ಅವರನ್ನು ದಾಟಿ, ತಿರುಗಿ, ಎದುರಿಗೆ ನಿಂತೆ.

"ಅಲ್ವೋ, ಏರೋಪ್ಲೇನ್ ಆಫೀಸರ್ ಆದ್ಮೇಲೂ ಈ ಓಟ ತಪ್ಪಲಿಲ್ವಲ್ಲೋ ನಿಂಗೆ" ಎಂದು ಅಪ್ಪ ನಕ್ಕರು.

ನಾನು ಏದುಸಿರು ಬಿಡುತ್ತಾ ನಿಂತಿದ್ದೆ. ಆಗ ಥಟ್ಟನೆ ಹೊಳೆಯಿತು. ವಿಮಾನವನ್ನು ದಾಟಿ ಓಡಿ ಎದುರಿಗೆ ನಿಲ್ಲುವುದಕ್ಕಾಗುವುದಿಲ್ಲ. ಕೂಗಲೇಬೇಕು. ಅದೂ ಹೊರಟ ಮೇಲೆ, ಹಿಂದಿನಿಂದ. ಹುಟ್ಟಿದಾಗಿನಿಂದ ಯಾವುದನ್ನು ಮಾಡಬಾರದು ಎಂದು ನನ್ನ ನಾಲಗೆಗೆ ಬೀಗ ಹಾಕಿದ್ದರೋ ಅದೇ ನನ್ನ ನೌಕರಿ!

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕ್ಯಾರಿಯರನ್ನು ಅಪ್ಪನ ಕೈಗೆ ತುರುಕಿ ದಡದಡನೆ ಮನೆಗೆ ಬಂದೆ. ಅಜ್ಜಿ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. "ನಿನ್ನಿಂದ್ಲೇ ನಾನು ಫೇಲಾಗಿದ್ದು! ನಿನ್ನ ಹಾಳು ಶಾಸ್ತ್ರದಿಂದ! ಕೂಗ್ಬೇಡ, ಕೂಗ್ಬೇಡ ಅಂತ ಬಾಯೇ ಹೊಲ್ದುಬಿಟ್ಟಿದೀಯ!" ಎಂದು ಕಿರುಚಿದೆ. ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. ಹಿಂದೆಯೇ ವಾಪಸ್ ಬಂದಿದ್ದ ಅಪ್ಪ ಬಾಗಿಲಲ್ಲಿ ನಿಂತರು. ಮರದ ವಿಮಾನ, ಜೀಪು, ಮೇಷ್ಟ್ರು, ಇನ್ನೊಂದೇ ಅವಕಾಶ, ಎಲ್ಲ ಹೇಳಿಬಿಟ್ಟೆ. ಅಜ್ಜಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

"ಜೀಪು ಅಡ್ಡ ಇದ್ದುದ್ದು ನಿಂಗೆ ಕಾಣುಸ್ತಿತ್ತಾ?"

"ಕಾಣಿಸ್ತಿತ್ತು."

"ಕಂಡೂ ಕೂಗ್ಲಿಲ್ಲ."

"ಇಲ್ಲ."

ಅವಳು ಸುಲಿಯುವುದನ್ನು ನಿಲ್ಲಿಸಿದಳು. ಅವಳ ಮುಖ ಯಾಕೋ ಬಿಳಿಚಿಕೊಂಡಿತ್ತು. ನಾನು ಇಷ್ಟು ಅರಚಿದರೂ ತಿರುಗಿ ಬೈಯಲಿಲ್ಲ, ಅದರಿಂದಲೇ ನನಗೆ ಭಯವಾಯಿತು. ಮಧ್ಯಾಹ್ನ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಮಾರನೆಯ ಬೆಳಿಗ್ಗೆ ಸೆರಗು ಹೊದ್ದು ಸಿದ್ಧವಾಗಿ ನಿಂತಿದ್ದಳು. "ನನ್ನ ಕುಣಿಗಲ್ ತಾವ ಕರ್ಕಂಡೋಗ್ಲಾ" ಎಂದಳು. ಯಾಕೆಂದರೆ ಹೇಳಲೊಲ್ಲಳು.

ತುಮಕೂರಿನಲ್ಲಿ ಅಪ್ಪ ನಮ್ಮನ್ನು ಕುಣಿಗಲ್ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ "ರೈಟ್ ರೈಟ್" ಎಂದರು. ಕುಣಿಗಲ್ಲಿನಲ್ಲಿ ಇಳಿದು ಹುತ್ರಿದುರ್ಗದ ಕಡೆಯ ಬಸ್ಸು ಹತ್ತಿದೆವು. ತವರಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಅಜ್ಜಿ ಕಂಡಕ್ಟರಿಗೆ ನಿಲ್ಲಿಸು ಎಂದಳು. ಇಳಿದೆವು. ಬಲಕ್ಕೆ ಬೆಟ್ಟ, ಎಡಕ್ಕೆ ರಾಗಿ ಹೊಲ, ನಡುವೆ ಹಳೆಯ ಗಾಡಿ ದಾರಿಯೊಂದು ಇಳಿಜಾರಾಗಿ ಹೋಗಿತ್ತು. ಮೇಲೆ ದೂರದಲ್ಲಿ ಅವಳ ತವರುಮನೆಯ ಹೆಂಚು ಕಾಣುತ್ತಿತ್ತು. ಅಜ್ಜಿ ಒಂದು ಕಲ್ಲಿನ ಮೇಲೆ ಕೂತಳು.

"ನಿಮ್ಮ ತಾತನ ಗಾಡಿ ಮಗುಚ್ಕಂಡಿದ್ದು ಇಲ್ಲೇ" ಎಂದಳು. "ಯಾರೋ ಕೂಗುದ್ರು ಅಂತೀನಲ್ಲ, ಯಾರೂ ಕೂಗ್ಲಿಲ್ಲ ಕಣ್ಲಾ."

ಅವಳು ಮೇಲಿನ ಹೆಂಚಿನ ಮನೆಯ ಕಡೆ ಕೈ ತೋರಿಸಿದಳು.

"ಅವರು ಗಾಡಿ ಹೊಡ್ಕಂಡ್ ಹೊರಟ್ರು. ನಾನು ಬಾಗ್ಲಲ್ಲಿ ನಿಂತಿದ್ದೆ. ಗಾಲೀಗೆ ಕಡಾಣಿ ಇರ್ಲಿಲ್ಲ."

ಕಡಾಣಿ ಎಂದರೆ ಗಾಲಿ ಕಳಚಿ ಹೋಗದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಬ್ಬಿಣದ ಕೀಲು. ಅದಿಲ್ಲದ ಗಾಡಿ ಇಳಿಜಾರಿಗೆ ಬಂದರೆ ಮುಗಿಯಿತು.

"ಗಾಲಿ ಓಲಾಡ್ತಾ ಇದ್ದುದ್ದು ನನ್ ಕಣ್ಣಿಗೆ ಕಾಣುಸ್ತಿತ್ತು. ದಾಟ್ಕಂಡ್ ಓಡಾನ ಅಂದ್ರೆ ನಿಮ್ಮಪ್ಪ ಹೊಟ್ಟೇಲಿ, ತುಂಬು ಬಸುರಿ. ಜಗುಲಿ ಮ್ಯಾಲೆ ಹಿರೀಕ್ರೆಲ್ಲ ಕೂತವ್ರೆ. ಹೊರಟೋರ್ನ ಹಿಂದಿಂದ ಕೂಗ್ಬಾರ್ದು ಅಂತ ನಮ್ಮವ್ವ ಹೇಳ್ಕೊಟ್ಟಿದ್ಲು. ಬಾಯಿ ಇಲ್ಲೀಗಂಟ ಬಂತು." ಅವಳು ಗಂಟಲು ಮುಟ್ಟಿ ತೋರಿಸಿದಳು. "ನಿಂಗೆ ಆತಲ್ಲ, ಹಂಗೇ. ನುಂಗ್ಕಂಡೆ. ಆಮ್ಯಾಕೆ ಎಲ್ರೂ ಯಾರಾದ್ರೂ ಕೂಗುದ್ರಾ ಅಂತ ಕೇಳುದ್ರು. ಹೂಂ, ಯಾರೋ ಕೂಗ್ದಂಗಾಯ್ತು ಅಂದ್ಬುಟ್ಟೆ."

"ಅಲ್ಲಜ್ಜಿ, ಮತ್ತೆ ಇಷ್ಟು ವರ್ಷ ನಮ್ಮನ್ನೆಲ್ಲ ಯಾಕೆ ಹಂಗೆ ಓಡಿಸ್ದೆ?"

"ಕೂಗುದ್ರೆ ಏನೂ ಆಗಕಿಲ್ಲ ಅಂತ ಒಪ್ಕಂಡ್ರೆ, ನಾನು ಸುಮ್ಕೆ ಬಾಯಿ ಮುಚ್ಕಂಡಿದ್ದೆ ಅಂತಾಯ್ತಲ್ಲೋ" ಎಂದು ಅಜ್ಜಿ ಬಿಕ್ಕಿದಳು. "ಒಂದ್ ಕೂಗು ಕೂಗಿದ್ರೆ ನಿಂತ್ಕಳ್ಳೋರು. ಪ್ರತಿ ದಿವ್ಸ ಅವರು ಕುಂಟ್ಕಂಡ್ ಬಚ್ಚಲಿಗೆ ಹೋಗೋದ್ನ ನೋಡ್ತಿದ್ದೆ."

ಅಜ್ಜಿ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ತಾತ ಹೋದಾಗಲೂ. ನನ್ನ ಸಿಟ್ಟೆಲ್ಲ ಎಲ್ಲಿ ಇಳಿದುಹೋಯಿತೋ. ಹೋಗಿ ಪಕ್ಕದಲ್ಲಿ ಕೂತೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. "ಸರಿ, ಎದ್ದೇಳು. ನಾನು ಹೊಯ್ತೀನಿ. ನನ್ನ ಹಿಂದಿಂದ ಕೂಗು" ಎಂದಳು.

"ಏನು?"

"ಕೂಗ್ಲಾ ಅಂದ್ರೆ ಕೂಗು. ನಿಲ್ಲು ಅನ್ನು."

ಅವಳು ಇಳಿಜಾರಿನಲ್ಲಿ ನಡೆದಳು. ನಾನು ಬಾಯಿ ತೆರೆದೆ. ಬರೀ ಗಾಳಿ ಬಂತು. ಅವಳು ತಿರುಗಿ ನೋಡಿ "ಥೂ, ನಿನ್ನ! ಇಲಿಮರಿ ಇದಕ್ಕಿಂತ ಜೋರಾಗಿ ಕೂಗ್ತದೆ" ಎಂದು ಮತ್ತೆ ಮೇಲೆ ಬಂದು ಮತ್ತೆ ಹೊರಟಳು. ಆ ವಯಸ್ಸಿನಲ್ಲಿ, ಆ ಏರಿನಲ್ಲಿ! ಎರಡನೇ ಸಲ "ನಿಲ್ಲು" ಎಂದೆ, ನನಗೇ ಕೇಳಿಸುವಷ್ಟು. ಆಮೇಲಿನ ಸಲ ಅವಳು ಬಹಳ ದೂರ ಹೋದಳು, ತಿರುಗಲೇ ಇಲ್ಲ. ಅವಳ ಬಾಗಿದ ಬೆನ್ನು ಚಿಕ್ಕದಾಗುತ್ತಾ ಹೋಯಿತು. ಇಲ್ಲೇ ಎಲ್ಲೋ ಗಾಲಿ ಕಳಚಿದ್ದು ಎಂದು ನೆನಪಾಯಿತು ನೋಡಿ, ಎಲ್ಲಿತ್ತೋ ಆ ದನಿ. "ಏಯ್ ಅಜ್ಜೀ! ನಿಲ್ಲೂ!" ಎಂದು ಕಿರುಚಿದೆ. ಹುತ್ರಿದುರ್ಗದ ಬಂಡೆ ಅದನ್ನು ವಾಪಸ್ ಕಳಿಸಿತು. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು. "ಏನಾಯ್ತಪ್ಪೋ, ಹಾವಾ?" ಎಂದು ಒಬ್ಬಳು ಕೂಗಿದಳು.

ಅಜ್ಜಿ ನಿಂತಿದ್ದಳು. ಕೈಕಾಲು ಎಲ್ಲ ಸರಿಯಾಗಿಯೇ ಇದ್ದವು.

ಆ ಸಂಜೆ ಅವಳೇ ಅಪ್ಪನಿಗೂ ಹೇಳಿದಳು. ಅಪ್ಪ ಎಲ್ಲ ಕೇಳಿ, ತಲೆ ಕೆರೆದುಕೊಂಡು, "ಕಡಾಣಿ ವಿಷ್ಯ ಅಪ್ಪ ನಂಗೆ ಹೇಳಿದ್ರು ಕಣವ್ವ" ಎಂದರು.

"ಏನಂತ?"

"'ಕಡಾಣಿ ಹಾಕ್ದೆ ಗಾಡಿ ಹೂಡಿದ್ದು ನನ್ ತಪ್ಪು. ಮಾವನ ಮನೆ ಮುಂದೆ ಮಾನ ಹೋಗ್ತಿತ್ತು. ನಿಮ್ಮವ್ವ ಯಾರೋ ಕೂಗುದ್ರು ಅಂತ ಹೇಳಿ ನನ್ನ ಮರ್ಯಾದೆ ಉಳಿಸಿದ್ಲು. ಯಾರ್ಗೂ ಹೇಳ್ಬೇಡ' ಅಂದಿದ್ರು."

ಅಜ್ಜಿ ಬಾಯಿ ಬಿಟ್ಟುಕೊಂಡು ಕೂತಳು. "ಅಯ್ಯೋ ನನ್ ಗಂಡ್ನೇ! ಸಾಯೋಗಂಟ ಒಂದ್ ಮಾತು ಆಡ್ನಿಲ್ವಲ್ಲೋ ನಂತಾವ!" ಎಂದು ಎದೆ ಬಡಿದುಕೊಂಡವಳು ಹಾಗೆಯೇ ನಗತೊಡಗಿದಳು. ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ಅಮ್ಮ ನೀರು ತಂದುಕೊಟ್ಟಳು. ಗಂಡ ಹೆಂಡತಿ ಇಬ್ಬರೂ ಒಂದೇ ಸುಳ್ಳನ್ನು ಆಚೆ ಈಚೆ ಹಿಡಿದುಕೊಂಡು ಬಾಳಿದ್ದರು. ಆ ರಾತ್ರಿ ಅಜ್ಜಿ ಎರಡು ಮುದ್ದೆ ಉಂಡಳು.

ಅಲಹಾಬಾದಿಗೆ ವಾಪಸ್ ಹೋದೆ. ಪರೀಕ್ಷೆಯ ದಿನ ಗೂಡಿನಲ್ಲಿ ಕೂತೆ. ಮೇಷ್ಟ್ರು ಜಾಣರು, ಈ ಸಲ ಜೀಪು ತರಲಿಲ್ಲ. ಹೊರಡುವ ಮೂರು ವಿಮಾನ ಕೊಟ್ಟರು. ಮೊದಲೆರಡೂ ಸುಸೂತ್ರವಾಗಿ ಹೋದವು. ಎಲ್ಲ ಮುಗಿಯಿತು ಎಂದುಕೊಳ್ಳುವಾಗ ಮೂರನೆಯದು ಓಡತೊಡಗಿತು. ರನ್‌ವೇ ಪಕ್ಕದ ಹುಲ್ಲಿನಿಂದ ಮೇಷ್ಟ್ರ ಬೆರಳು ಒಂದು ಮರದ ಹಸುವನ್ನು ಮೆಲ್ಲಗೆ ದಾಟಿಸಿತು.

ನನ್ನ ಕಣ್ಣಿಗೆ ಕಂಡದ್ದು ಹಸು ಅಲ್ಲ, ಓಲಾಡುವ ಗಾಲಿ. ಗುಂಡಿ ಒತ್ತಿ ವಿಮಾನದ ಹೆಸರು ಹಿಡಿದು "ಸ್ಟಾಪ್ ಇಮ್ಮೀಡಿಯೆಟ್ಲಿ!" ಎಂದೆ. ಮತ್ತೊಮ್ಮೆ ಎಂದೆ. ಮಾತು ನಿಯಮದ ಪ್ರಕಾರವೇ ಇತ್ತು, ಆದರೆ ದನಿ ಮಾತ್ರ ತುಮಕೂರು ಬಸ್ ಸ್ಟ್ಯಾಂಡಿನದು. ಪಕ್ಕದ ಗೂಡಿನಲ್ಲಿ ಪೈಲಟ್ ಆಗಿದ್ದವನು ಕಿವಿಯಿಂದ ಹೆಡ್‌ಫೋನ್ ಕಿತ್ತು ಎಸೆದ. ಕೋಲು ಹಿಡಿದವನು ಬೆಚ್ಚಿ ವಿಮಾನವನ್ನು ಅಲ್ಲೇ ನಿಲ್ಲಿಸಿದ. ಹಸುವಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗವಿತ್ತು.

ಮೇಷ್ಟ್ರು ಗೂಡಿನ ಹತ್ತಿರ ಬಂದರು. "ರೇಡಿಯೋ ಇದೆಯಪ್ಪ, ಇಷ್ಟು ಜೋರಾಗಿ ಹೇಳಬೇಕಾಗಿಲ್ಲ" ಎಂದರು ಅದೇ ಮೆದು ದನಿಯಲ್ಲಿ. ಆಮೇಲೆ ಜೇಬಿನಿಂದ ಒಂದು ಲವಂಗ ತೆಗೆದು ನನ್ನ ಕೈಗೆ ಕೊಟ್ಟರು. ಪಾಸಾಗಿದ್ದೇನೆ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಅಬ್ಬಾ, ಮನಸ್ಸು ಎಷ್ಟು ಹಗುರವಾಗಿತ್ತು ಎಂದು ಈಗಲೂ ನೆನಪಿದೆ. ಲವಂಗ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂತು, ಅದಕ್ಕೇ ಬಂತು ಎಂದು ಜೊತೆಯವರಿಗೆ ಹೇಳಿದೆ.

ಕೆಲಸದ ಜಾಗಕ್ಕೆ ಹೋಗುವ ಮೊದಲು ಗುಬ್ಬಿಗೆ ಬಂದು ಕೆಲವು ದಿನ ಇದ್ದೆ. ಹೊರಡುವ ಬೆಳಿಗ್ಗೆ ಅಪ್ಪ ಸೀಟು ಹಿಡಿಯಲು ಮುಂಚೆಯೇ ತುಮಕೂರಿಗೆ ಹೋಗಿದ್ದರು. ನಾನು ಎಲ್ಲರಿಗೂ ನಮಸ್ಕಾರ ಮಾಡಿ, ಟ್ರಂಕು ಹೆಗಲಿಗೇರಿಸಿ ಬೀದಿಗಿಳಿದೆ. ಏನೂ ಮರೆತಿರಲಿಲ್ಲ, ಅಮ್ಮ ಎಲ್ಲವನ್ನೂ ಮತ್ತೆ ಮತ್ತೆ ನೋಡಿದ್ದಳು. ಬೀದಿಯ ತಿರುವು ಮುಟ್ಟಿದ್ದೆ.

"ಏಯ್! ನಿಲ್ಲಾ!"

ಎಂಥ ಗಂಟಲು! ನನಗಿರಲಿ, ಎದುರುಮನೆಯ ದನವೂ ತಲೆ ಎತ್ತಿತು. ಬೀದಿಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನಮ್ಮ ಜಗಲಿಯ ಕಡೆ ನೋಡಿದರು. ಅಲ್ಲಿ ಅಜ್ಜಿ ಕಂಬ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಏನಜ್ಜಿ?" ಎಂದು ಅಲ್ಲಿಂದಲೇ ಕೂಗಿದೆ.

"ಏನಿಲ್ಲ ಕಣ್ಲಾ. ಕೂಗಿ ನೋಡ್ದೆ."

ನನಗೆ ನಗು ತಡೆಯಲಾಗಲಿಲ್ಲ. "ಹಂಗಾರೆ ಒಳಗೆ ಬಂದು ಕೂತ್ಕೊಂಡು, ನೀರು ಕುಡ್ದು ಹೊರಡ್ಲಾ?"

"ಬ್ಯಾಡ ಬುಡು" ಎಂದಳು ಅಜ್ಜಿ. "ಬಸ್ಸು ತಪ್ಪೋಯ್ತದೆ. ಹೊರಡು."